‘ಹಿಮ್ಮಾಹಿತಿ’, ‘ಯುವಜನರ ಒಳಗೊಳ್ಳುವಿಕೆ’: ಬೇರೆ ಮಾತು ಇದೆಯೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಕೆಲವರು ವಾರ್ಡಿನ ಆಡಳಿತದ ಬಗ್ಗೆ ಮನೆಮನೆಗೆ ಹೋಗಿ ಕೇಳಿ ಬರಬೇಕೆಂದಿದ್ದೇವೆ. ಪ್ರಶ್ನೆಪಟ್ಟಿಯ ಇಂಗ್ಲಿಷ್ ಕರಡನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಿತ್ತು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಫೀಡ್‌ಬ್ಯಾಕ್‌ಗೆ ‘ಹಿಮ್ಮಾಹಿತಿ’ ಎಂದು ಬರೆದೆ. ಬಿ.ಎಡ್. ಮಾಡಿದವರಿಗೆ ಇದು ಹಳೆಯ ಪರಿಚಯ. ಪಿಯುಸಿ ಮುಗಿಸಿದ ಪಕ್ಕದ ಮನೆ ಹುಡುಗಿ ಮಾತ್ರ, ‘ಅಂಕಲ್, ಹಿಂದಿನ ಮಾಹಿತಿನಾ?’ ಅಂದಳು. ಹಿನ್ನೆಲೆ, ಹಿನ್ನೋಟ ಕೇಳಿ ಬೆಳೆದ ಕಿವಿಗೆ ಹಾಗೆ ಕೇಳಿಸಿದರೆ ತಪ್ಪೇನು?

ಕಚೇರಿ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ: ದೂರು, ಮನವಿ, ಅಹವಾಲು. ‘ಅಹವಾಲು’ ಅರಬ್ಬಿ ಮೂಲದ್ದು, ‘ಹಾಲ್’ ಅಂದರೆ ಸ್ಥಿತಿ, ಅದರ ಬಹುವಚನ. ಅಲ್ಲಿ ಬರೀ ‘ಸ್ಥಿತಿಗತಿ’ ಆಗಿದ್ದದ್ದು ಇಲ್ಲಿಗೆ ಬಂದು ಕೈಮುಗಿದು ನಿಂತಿದೆ. ಬೆಂಗಳೂರಿನ ಹಳೆಯ ಪಾಲಿಕೆ ಬಿಬಿಎಂಪಿ ಹೋಗಿ ಐದು ಪಾಲಿಕೆ, 369 ವಾರ್ಡ್ ಆದಾಗಲೂ ವಾರ್ಡ್ ವಿಂಗಡಣೆಯ ಕರಡಿನ ಬಗ್ಗೆ ಜನರಿಂದ ಕೇಳಿದ್ದು ‘ಆಕ್ಷೇಪಣೆ, ಸಲಹೆ’. ‘ಇದು ಚೆನ್ನಾಗಿದೆ, ನಿಲ್ಲಿಸಬೇಡಿ’ ಅನ್ನುವವರು ಯಾವ ಪದದ ಕೆಳಗೆ ಬರೆಯಬೇಕು? ‘ಅನಿಸಿಕೆ’ ಸಲೀಸಾಗಿದೆ, ಆದರೆ ಅನಿಸಿಕೆ ಹಂಚಿಕೊಳ್ಳುವುದು ಬೀಳ್ಕೊಡುಗೆ ಸಮಾರಂಭದಲ್ಲಿ. ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಸದ್ಯಕ್ಕೆ ‘ನಿಮ್ಮ ವಾರ್ಡ್ ಬಗ್ಗೆ ಏನಂತೀರಿ?’ ಎಂದು ಹಾಕಿದ್ದೇನೆ. ತಲೆಬರಹಕ್ಕೆ ನಾಮಪದ ಬೇಕೇ ಬೇಕು ಎನ್ನುತ್ತಿದ್ದಾರೆ.

ಎರಡನೆಯದು ಇನ್ನೂ ಗೋಜಲು. ಯೂತ್ ಇನ್‌ಕ್ಲೂಷನ್‌ಗೆ ‘ಯುವಜನರ ಒಳಗೊಳ್ಳುವಿಕೆ’ ಎಂದು ಎಲ್ಲ ವರದಿಗಳಲ್ಲೂ ಕಾಣುತ್ತದೆ. ಆದರೆ ‘ಒಳಗೊಳ್ಳು’ ಕ್ರಿಯಾಪದಕ್ಕೆ ಕರ್ತೃ ಒಳಗೆ ಹೋಗುವವರಲ್ಲ, ಒಳಗೆ ತೆಗೆದುಕೊಳ್ಳುವವರು. ‘ಸಮಿತಿಯು ಹತ್ತು ಸದಸ್ಯರನ್ನು ಒಳಗೊಂಡಿದೆ’ ಅನ್ನುತ್ತೇವಲ್ಲ. ಹಾಗಿದ್ದಮೇಲೆ ‘ಯುವಜನರ ಒಳಗೊಳ್ಳುವಿಕೆ’ ಅಂದರೆ ಯುವಜನರೇ ಯಾರನ್ನೋ ಒಳಗೊಂಡಂತಾಗುವುದಿಲ್ಲವೇ? ‘ಯುವಜನರನ್ನು ಒಳಗೊಳ್ಳುವುದು’ ಸರಿ, ಉದ್ದವಾದರೂ. ‘ಪಾಲ್ಗೊಳ್ಳುವಿಕೆ’ ಒಪ್ಪಿಗೆಯಾಗಲಿಲ್ಲ: ಪಾಲ್ಗೊಳ್ಳಬೇಕಾದವರು ಅವರೇ, ಬರದಿದ್ದರೆ ತಪ್ಪೂ ಅವರದೇ ಎಂದಾಗುತ್ತದೆ. ಬಾಗಿಲು ತೆರೆಯಬೇಕಾದವರು ವಾಕ್ಯದಲ್ಲಿ ಕಾಣುವುದೇ ಇಲ್ಲ.

ಮಕ್ಕಳ ಬಾಯಲ್ಲಿರುವ ‘ಸೇರಿಸಿಕೊಳ್ಳು’ ನನಗೆ ಇಷ್ಟ. ‘ನನ್ನೂ ಆಟಕ್ಕೆ ಸೇರಿಸ್ಕೊಳ್ರೋ.’ ಇದನ್ನು ಹೇಳಿದ್ದಕ್ಕೆ ಅದೇ ಹುಡುಗಿ, ‘ಅಂಕಲ್, ನಾವು ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂದು ನಕ್ಕಳು. ಅವಳ ಮಾತು ತೆಗೆದುಹಾಕುವಂಥದ್ದಲ್ಲ. ಮತದಾನಕ್ಕೆ 18 ತುಂಬಿದರೆ ಸಾಕು, ಪಾಲಿಕೆ ಚುನಾವಣೆಗೆ ನಿಲ್ಲಲು 21 ಆಗಬೇಕು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿದಮೇಲೆ ಬಿಬಿಎಂಪಿಯೇ ಹೋಯಿತೇ ಹೊರತು ಮತ್ತೊಂದು ಚುನಾವಣೆ ಕಾಣಲಿಲ್ಲ. ‘ನಿಮ್ಮ ಕಾರ್ಪೊರೇಟರ್ ಬಗ್ಗೆ ಹೇಳಿ’ ಎಂಬ ನನ್ನ ಮೂರನೆಯ ಪ್ರಶ್ನೆಗೆ ಅವಳು ಏನು ಹೇಳಬೇಕು? ಆ ಪ್ರಶ್ನೆ ಹೊಡೆದುಹಾಕಿದೆ. ‘ಯುವಕರು’ ಅನ್ನುವುದನ್ನೂ ‘ಯುವಜನರು’ ಮಾಡಿದೆ, ಅವಳು ಗುರುತು ಹಾಕಿಕೊಟ್ಟ ಮೇಲೆ.

ಕೇಳಬೇಕಾದದ್ದು ಇಷ್ಟು: ‘ಸೇರಿಸಿಕೊಳ್ಳುವಿಕೆ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಊರಿನ ಕಡೆ ಮಕ್ಕಳ ಗ್ರಾಮಸಭೆಗಳಲ್ಲಿ ಕೂತವರು ಯಾರಾದರೂ ಇದ್ದರೆ, ಮಕ್ಕಳು ಎದ್ದುನಿಂತು ಹೇಳಿದ್ದನ್ನು ಪಂಚಾಯಿತಿ ನಡಾವಳಿಯಲ್ಲಿ ಏನೆಂದು ಬರೆದುಕೊಳ್ಳುತ್ತಾರೆ, ಬೇಡಿಕೆ ಎಂದೋ, ಅಹವಾಲು ಎಂದೋ? ಅಲ್ಲಿ ಬೇರೆ ಪದವೇ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಪಟ್ಟಿ ಭಾನುವಾರ ಜೆರಾಕ್ಸ್‌ಗೆ ಹೋಗಬೇಕು.