ಮಾಲೆ ಇಳಿಸಿದ ಮರುದಿನ: ಆತ್ಮಶಿಸ್ತಿನ ಬಗ್ಗೆ ಒಂದು ಪ್ರಶ್ನೆ, ಕೆಲವು ಅನುಭವಗಳು

ಪ್ರಶ್ನೆ, ಹುಬ್ಬಳ್ಳಿಯಿಂದ

ನನಗೆ 36 ವರ್ಷ, ಬ್ಯಾಂಕಿನಲ್ಲಿ ನೌಕರಿ. ಬೆಳಿಗ್ಗೆ ಐದಕ್ಕೆ ಏಳಬೇಕು, ದಿನಕ್ಕೆ ಒಂದು ಗಂಟೆ ಓದಬೇಕು, ರಾತ್ರಿ ಹತ್ತರ ನಂತರ ಮೊಬೈಲ್ ಮುಟ್ಟಬಾರದು ಎಂದು ಯುಗಾದಿಯಿಂದ ಯುಗಾದಿಗೆ ನಿಶ್ಚಯಿಸುತ್ತ ಬಂದಿದ್ದೇನೆ. ಯಾವುದೂ ಹದಿನೈದು ದಿನ ದಾಟಿದ್ದಿಲ್ಲ. ಏನು ಮಾಡಬೇಕೆಂದು ಪಟ್ಟಿ ಮಾಡುವುದನ್ನು ಬಿಟ್ಟು, ಯಾರಾಗಬೇಕೆಂದು ಮೊದಲು ತೀರ್ಮಾನಿಸಿದರೆ ಶಿಸ್ತು ತಾನಾಗಿ ಬರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಹಾಗೆ ಮಾಡಿ ನೋಡಿದವರು, ಗೆದ್ದದ್ದನ್ನಷ್ಟೇ ಅಲ್ಲದೆ ಸೋತದ್ದನ್ನೂ ತಿಳಿಸಬೇಕೆಂದು ವಿನಂತಿ.

ದಾವಣಗೆರೆಯಿಂದ, ಟೈರ್ ಅಂಗಡಿ ನಡೆಸುವವರು

ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದ ನಾನು 2011ರ ನವೆಂಬರಿನಲ್ಲಿ ಮೊದಲ ಬಾರಿ ಅಯ್ಯಪ್ಪನ ಮಾಲೆ ಹಾಕಿಕೊಂಡೆ. 41 ದಿನಗಳ ವ್ರತ: ಎರಡು ಹೊತ್ತು ತಣ್ಣೀರ ಸ್ನಾನ, ಕಪ್ಪು ಬಟ್ಟೆ, ನೆಲದ ಮೇಲೆ ಚಾಪೆ, ಮದ್ಯ, ಮಾಂಸ, ಧೂಮಪಾನ ಯಾವುದೂ ಇಲ್ಲ. ಗುರುಸ್ವಾಮಿಗಳು ಕೊರಳಿಗೆ ಮಾಲೆ ಹಾಕಿದ ಗಳಿಗೆಯಿಂದ ಮನೆಯವರೂ ಗಿರಾಕಿಗಳೂ ನನ್ನನ್ನು ‘ಸ್ವಾಮಿ’ ಎಂದೇ ಕರೆಯತೊಡಗಿದರು. ನಾನು ಕೈ ಚಾಚುವ ಮೊದಲೇ ಪ್ಯಾಕ್ ತೆಗೆದಿಡುತ್ತಿದ್ದ ಬೀಡಾ ಅಂಗಡಿಯವನು ಅಂದು ಕೊರಳು ನೋಡಿ, ತೆಗೆದ ಪ್ಯಾಕನ್ನು ಹಿಂದಕ್ಕಿಟ್ಟು, “ಸ್ವಾಮಿ, ಬಾಳೆಹಣ್ಣು ಕೊಡಲೇ?” ಎಂದು ಕೇಳಿದ. ಮನೋಬಲ ಹೆಚ್ಚಿತ್ತೆಂದು ಹೇಳಲಾರೆ. ಮೂರನೆಯ ದಿನ ಗಿರಾಕಿಯ ಚಿಲ್ಲರೆ ಎಣಿಸುವಾಗ ಕೈ ನಡುಗುತ್ತಿತ್ತು. ಆದರೆ ಸೇದಲೋ ಬೇಡವೋ ಎಂಬ ಚೌಕಾಶಿ ತಲೆಯೊಳಗೆ ನಿಂತುಹೋಗಿತ್ತು. ಸ್ವಾಮಿಯಾದವನು ಸೇದುವುದಿಲ್ಲ, ಅಷ್ಟೇ.

ಶಬರಿಮಲೆಯಲ್ಲಿ ಇರುಮುಡಿ ಹೊತ್ತು ಹದಿನೆಂಟು ಮೆಟ್ಟಿಲು ಹತ್ತಿ ಊರಿಗೆ ಬಂದೆ. ಅಮ್ಮ ಮಾಲೆ ಇಳಿಸಿದರು. ಮರುದಿನ ಸಂಜೆ ಬೀಡಾ ಅಂಗಡಿಯವನು ಎಂದಿನಂತೆ ಪ್ಯಾಕ್ ತೆಗೆದಿಟ್ಟ. ನಾನು ಎಂದಿನಂತೆ ತೆಗೆದುಕೊಂಡೆ. ಮೂರು ವರ್ಷ ಹೀಗೆಯೇ ನಡೆಯಿತು. ನಾಲ್ಕನೆಯ ವರ್ಷ ಯಾತ್ರೆಗೆ ಹೊರಡುವ ಮುನ್ನ ಅವನ ಬಳಿಗೆ ಹೋಗಿ, ಮಾಲೆ ಇಳಿಸಿದ ಮೇಲೂ ನನ್ನನ್ನು ಸ್ವಾಮಿ ಎಂದೇ ಕರೆಯಬೇಕು, ಕೇಳಿದರೂ ಸಿಗರೇಟು ಕೊಡಬಾರದು ಎಂದು ಹೇಳಿದೆ. ಅವನು ನಕ್ಕ, ಆದರೆ ಮಾತು ನಡೆಸಿದ. ಕದ್ದು ಬೇರೆ ಅಂಗಡಿಗೆ ಹೋದದ್ದು ಎರಡು ಸಲ ಉಂಟು. ಅದನ್ನು ಬಿಟ್ಟರೆ ಇಂದಿನವರೆಗೆ ಸೇದಿಲ್ಲ.

ತುಮಕೂರಿನಿಂದ, ಖಾಸಗಿ ಕಂಪನಿಯ ಉದ್ಯೋಗಿ

ನನ್ನದು ಸೋಲಿನ ಅನುಭವ. ಪದವಿ ಮುಗಿಸಿದೊಡನೆ ಕೆಎಎಸ್ ಅಧಿಕಾರಿಯಾಗುತ್ತೇನೆಂದು ತೀರ್ಮಾನಿಸಿ, ಬೆಂಗಳೂರಿನ ವಿಜಯನಗರದಲ್ಲಿ ಕೋಣೆ ಹಿಡಿದು ಕೋಚಿಂಗ್‌ಗೆ ಸೇರಿದೆ. ಗೋಡೆಯ ಮೇಲೆ ನನ್ನ ಹೆಸರು, ಅದರ ಕೆಳಗೆ ‘ಉಪವಿಭಾಗಾಧಿಕಾರಿ’ ಎಂದು ಬರೆದು ಅಂಟಿಸಿದ್ದೆ. ಊರಿಗೆ ಹೋದರೆ ಗೆಳೆಯರು “ಬನ್ನಿ ಸಾಹೇಬ್ರೇ” ಎನ್ನುತ್ತಿದ್ದರು. ಆ ಮಾತಿನ ರುಚಿ ಎಂಥದೆಂದರೆ, ಓದದೆ ಕಳೆದ ದಿನವೂ ನಾನು ಅಧಿಕಾರಿಯಾಗಿಯೇ ಮಲಗುತ್ತಿದ್ದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಪ್ರಿಲಿಮ್ಸ್ ದಾಟಲಿಲ್ಲ.

ದಾವಣಗೆರೆಯವರು ಬರೆದದ್ದನ್ನು ಓದಿದಾಗ ವ್ಯತ್ಯಾಸ ಹೊಳೆಯಿತು. ಸ್ವಾಮಿ ಎನ್ನಿಸಿಕೊಂಡವರಿಗೆ ಅಂದೇ, ತಣ್ಣೀರಿನಿಂದಲೇ, ಮಾಡಬೇಕಾದ ಕೆಲಸವಿತ್ತು. ಸಾಹೇಬ ಎನ್ನಿಸಿಕೊಂಡ ನನಗೆ ಹುದ್ದೆ ಸಿಕ್ಕ ಮೇಲಷ್ಟೇ ಕೆಲಸ. ಇನ್ನೊಬ್ಬರು ಕೊಡಬೇಕಾದ ಪದವಿಯನ್ನು ‘ನಾನು ಯಾರು’ ಎಂಬಲ್ಲಿ ತುಂಬಿಕೊಳ್ಳಬೇಡಿ ಎಂಬುದಷ್ಟೇ ನನ್ನ ಸಲಹೆ.

ಶಿವಮೊಗ್ಗದಿಂದ, ನಿವೃತ್ತ ಶಿಕ್ಷಕರು

ಸಹೋದ್ಯೋಗಿ ಹೇಳಿದ ಕ್ರಮವೇ ತಿರುಗುಮುರುಗಾಗಿದೆಯೆಂದು ನನಗನ್ನಿಸುತ್ತದೆ. ಮಕ್ಕಳಿಗೆ ನಾನು ಪ್ರತಿವರ್ಷ ಹೇಳುತ್ತಿದ್ದ ಗಾಂಧೀಜಿಯವರ ಪ್ರಸಂಗ ಇದು. 1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ಅವರು ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧುಗಳ ಸಮಕ್ಷಮದಲ್ಲಿ, ಮದ್ಯ, ಮಾಂಸ, ಸ್ತ್ರೀಸಂಗಗಳಿಂದ ದೂರವಿರುವುದಾಗಿ ತಾಯಿಗೆ ಮಾತು ಕೊಟ್ಟರು. ಆಗ ಅವರಿಗೆ ಸಸ್ಯಾಹಾರದ ತತ್ತ್ವದಲ್ಲಿ ನಂಬಿಕೆಯೇನೂ ಇರಲಿಲ್ಲ. ಭಾರತೀಯರೆಲ್ಲ ಮಾಂಸ ತಿನ್ನುವಂತಾಗಲಿ ಎಂದೇ ಅವರ ಮನಸ್ಸಿನಲ್ಲಿತ್ತು. ಕೊಟ್ಟ ಮಾತಿಗಾಗಿ ಮಾತ್ರ ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿ ದಿನ ಕಳೆದರು. ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲೊಂದು ಕಣ್ಣಿಗೆ ಬಿದ್ದು, ಅಲ್ಲಿ ಮಾರಾಟಕ್ಕಿಟ್ಟಿದ್ದ ಪುಸ್ತಕವೊಂದನ್ನು ಓದಿದ ಮೇಲೆಯೇ ಅವರು ಮನಃಪೂರ್ವಕವಾಗಿ ಸಸ್ಯಾಹಾರಿಯಾದರು. ಮುಂದೆ ಅಲ್ಲಿನ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಗೂ ಸೇರಿದರು. ನಡೆದುಕೊಂಡದ್ದು ಮೊದಲು, ಆದದ್ದು ಆಮೇಲೆ. ಟೈರ್ ಅಂಗಡಿಯವರಿಗೂ ಮಾಲೆ ಮೊದಲು ಬಂದಿತ್ತು.

ಉಡುಪಿಯಿಂದ, ಆಸ್ಪತ್ರೆಯ ನರ್ಸ್

ಇಬ್ಬರು ಚಿಕ್ಕ ಮಕ್ಕಳು, ತಿಂಗಳಲ್ಲಿ ಹತ್ತು ದಿನ ರಾತ್ರಿ ಪಾಳಿ. ‘ಬೆಳಿಗ್ಗೆ ಬೇಗ ಏಳುವವಳು’ ಆಗಬೇಕೆಂದು ಹೊರಟು, ನನಗೆ ಶಿಸ್ತಿಲ್ಲವೆಂದು ವರ್ಷಗಟ್ಟಲೆ ನನ್ನನ್ನೇ ಬೈದುಕೊಂಡೆ. ನಿದ್ದೆ ಎಷ್ಟು ಗಂಟೆಯಾಗುತ್ತಿದೆಯೆಂದು ಒಂದು ವಾರ ಕ್ಯಾಲೆಂಡರಿನಲ್ಲಿ ಬರೆದಿಟ್ಟಾಗ, ದಿನಕ್ಕೆ ಐದು ಗಂಟೆಯೂ ತುಂಬುತ್ತಿರಲಿಲ್ಲ. ಪ್ರಶ್ನೆ ಕೇಳಿದವರು ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾರೆ?

ಮತ್ತೆ ಹುಬ್ಬಳ್ಳಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ನಾನು ಮಲಗುವುದು ಹನ್ನೆರಡೂವರೆಗೆ. ಐದಕ್ಕೆ ಏಳುವ ಮಾತನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ಮೂರರಲ್ಲಿ ಓದೊಂದನ್ನೇ ಉಳಿಸಿಕೊಂಡು, ಅದನ್ನೂ ಸಂಜೆಗೆ ಇಟ್ಟುಕೊಂಡು, ಮೂರನೆಯ ತರಗತಿಯ ಮಗಳಿಗೆ “ನೀ ಬರೆಯೋ ಮುಂದ ನಾನೂ ಎದುರಿಗೆ ಕೂತು ಓದ್ತೀನಿ” ಎಂದು ಹೇಳಿದೆ. ಇವತ್ತಿಗೆ ಒಂಬತ್ತು ದಿನ. ನಿನ್ನೆ ಪುಸ್ತಕ ಮಗುಚಿಟ್ಟು ಮೊಬೈಲ್ ಕೈಗೆತ್ತಿಕೊಂಡಾಗ ಅವಳು ತಲೆ ಎತ್ತದೆಯೇ ಕೇಳಿದಳು: “ಮಮ್ಮಿ, ನಿನ್ನ ಹೋಮ್‌ವರ್ಕ್ ಮುಗೀತೇನು?”