4 ವರ್ಷದ ಮಗು, ಡೌನ್ ಸಿಂಡ್ರೋಮ್: ಮನೆ ಸಾಮಾನಿನಲ್ಲೇ ಏನು ಆಡಿಸಬಹುದು?

ಪ್ರಶ್ನೆ

ಮಗಳಿಗೆ 4 ವರ್ಷ, ಡೌನ್ ಸಿಂಡ್ರೋಮ್ ಇದೆ. ನಡೀತಾಳೆ, ಹತ್ತು ಹದಿನೈದು ಪದ ಆಡ್ತಾಳೆ, ಹೇಳಿದ್ದು ಬಹಳಷ್ಟು ಅರ್ಥ ಆಗುತ್ತೆ. ಆದ್ರೆ ಅಂಗಡಿಯಿಂದ ತಂದ ಕಲಿಕೆ ಆಟಿಕೆಗಳನ್ನೆಲ್ಲ ಎರಡೇ ನಿಮಿಷಕ್ಕೆ ಎಸೀತಾಳೆ. ದಿನಕ್ಕೆ ಅರ್ಧ ಗಂಟೆ ಮನೆಯಲ್ಲಿ ಏನು ಆಡಿಸಬಹುದು? ಅಕ್ಷರ, ಎಣಿಕೆ ಈಗಲೇ ಶುರು ಮಾಡಬಹುದಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಆಕ್ಯುಪೇಶನಲ್ ಥೆರಪಿಸ್ಟ್, ಮೈಸೂರು

ಆಟಿಕೆ ಬದಲಿಸೋಕೆ ಮೊದಲು ಕೂರೋ ರೀತಿ ಬದಲಿಸಿ ನೋಡಿ. ಈ ಮಕ್ಕಳ ಸ್ನಾಯು, ಕೀಲು ಎರಡೂ ಸಡಿಲ. ಕಾಲು ಅಗಲಿಸಿ ನೆಲದ ಮೇಲೆ ಕೂತರೆ ಬೆನ್ನು ಬಾಗುತ್ತೆ, ಬೀಳದಿರೋಕೆ ಒಂದು ಕೈ ಊರಬೇಕಾಗುತ್ತೆ. ಆಡೋಕೆ ಉಳಿಯೋದು ಒಂದೇ ಕೈ. ಹಾಗಿರುವಾಗ ಎಸೆಯೋದೇ ಸುಲಭ. ಪುಟ್ಟ ಸ್ಟೂಲ್ ಮೇಲೆ ಕೂರಿಸಿ, ಎರಡು ಪಾದವೂ ಪೂರ್ತಿ ನೆಲಕ್ಕೆ ತಾಗಲಿ, ಮುಂದಿನ ಮೇಜು ಮೊಣಕೈ ಎತ್ತರಕ್ಕಿರಲಿ. ಪಾದ ತೂಗಾಡಿದರೆ ಹಳೇ ಪುಸ್ತಕಗಳನ್ನು ಟೇಪ್ ಸುತ್ತಿ ಕೆಳಗಿಡಿ.

ಅರ್ಧ ಗಂಟೆ ಒಟ್ಟಿಗೆ ಬೇಡ, ಐದೈದು ನಿಮಿಷದ ಹಾಗೆ ಆರು ಸಲ ಮಾಡಿ.

ಕೈಗೆ ಮೊದಲು ಚಪಾತಿ ಹಿಟ್ಟು ಕೊಡಿ. ಒಂದು ಲೋಟ ಹಿಟ್ಟಿಗೆ ಅರ್ಧ ಲೋಟಕ್ಕಿಂತ ತುಸು ಹೆಚ್ಚು ನೀರು, ಒಂದು ಚಮಚ ಎಣ್ಣೆ ಹಾಕಿ ಕಲಸಿ ಇಪ್ಪತ್ತು ನಿಮಿಷ ಬಿಡಿ. ಗಟ್ಟಿ ಹಿಟ್ಟು ಕೊಟ್ಟರೆ ಬೆರಳು ಸೋತು ಆಟವೇ ನಿಲ್ಲುತ್ತೆ. ನಿಂಬೆ ಗಾತ್ರದ ಉಂಡೆಯನ್ನು ಮೊದಲ ವಾರ ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಲಿ, ಆಮೇಲೆ ಹೊಸೆದು ಹಾವು ಮಾಡಲಿ, ಕೊನೆಗೆ ಹಾವಿನಿಂದ ಚೂರು ಚೂರು ಚಿವುಟಲಿ. ತುಂಬಾ ಉಪ್ಪು ಹಾಕಿ ಕಲಸೋ ಆಟದ ಹಿಟ್ಟು ಬಾಯಿಗೆ ಹಾಕೋ ಮಗುವಿಗೆ ಬೇಡ, ಅಷ್ಟು ಉಪ್ಪು ಹೊಟ್ಟೆಗೆ ಹೋದರೆ ಅಪಾಯ. ಈ ಮಕ್ಕಳಲ್ಲಿ ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಬೇರೆಯವರಿಗಿಂತ ಹೆಚ್ಚು. ಅದಿದ್ದರೆ ಅಕ್ಕಿ ರೊಟ್ಟಿಗೆ ಮಾಡುವ ಹಾಗೆ ಕುದಿಯೋ ನೀರಿಗೆ ಅಕ್ಕಿ ಹಿಟ್ಟು ಹಾಕಿ ಮುದ್ದೆ ಮಾಡಿ, ಚೆನ್ನಾಗಿ ಆರಿದ ಮೇಲೆ ಕೊಡಿ.

ಚಿವುಟೋದು ಬಂದ ಮೇಲೆ ಅವರೆಕಾಳು ಹಿತುಕಿಸಿ. ರಾತ್ರಿ ನೆನೆಸಿದ ಹತ್ತು ಕಾಳು ಸಾಕು, ಮೊದಮೊದಲು ಸಿಪ್ಪೆಯ ತುದಿಯನ್ನು ನೀವೇ ಸೀಳಿ ಕೊಡಿ. ಹೆಬ್ಬೆರಳು-ತೋರುಬೆರಳಿಗೆ ಇದಕ್ಕಿಂತ ಒಳ್ಳೇ ಕಸರತ್ತು ಅಂಗಡಿಯಲ್ಲಿ ಸಿಗಲ್ಲ. ಆದ್ರೆ ಕಾಳನ್ನು ಬಾಯಿ, ಮೂಗು, ಕಿವಿಗೆ ತುರುಕೋ ಅಭ್ಯಾಸ ಇದ್ದರೆ ಸದ್ಯಕ್ಕೆ ಬಿಡಿ. ಇಲ್ಲದಿದ್ದರೂ ಪಕ್ಕದಿಂದ ಏಳಬೇಡಿ.

ಬಟ್ಟೆ ಕ್ಲಿಪ್ ಆಡಿಸೋದಾದ್ರೆ ಹೊಸದು ಬೇಡ, ಸ್ಪ್ರಿಂಗ್ ಸೋತ ಹಳೇದೇ ಸರಿ. ಕ್ರೇಯಾನ್ ಅನ್ನು ಮೂರು ಸೆಂ.ಮೀ. ತುಂಡು ಮಾಡಿ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯೋಕೆ ಜಾಗವೇ ಇರಲ್ಲ, ಬೆರಳ ತುದಿಯಲ್ಲೇ ಹಿಡೀತಾಳೆ. ಹಾಳೆಯನ್ನು ಗೋಡೆಗೆ ಅಂಟಿಸಿ, ಮಣಿಕಟ್ಟು ತಾನಾಗಿ ಸರಿಯಾದ ಭಂಗಿಗೆ ಬರುತ್ತೆ.

ಲಾಗ ಹಾಕಿಸಬೇಡಿ, ಟ್ರ್ಯಾಂಪೊಲಿನ್ ಬೇಡ. ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಕೆಲವು ಮಕ್ಕಳಲ್ಲಿ ಸಡಿಲ ಇರುತ್ತೆ. ಕತ್ತು ವಾರೆಯಾಗೋದು, ನಡಿಗೆ ಹಠಾತ್ ಕೆಡೋದು, ಕೈಯಲ್ಲಿ ಬಲ ಕಮ್ಮಿಯಾಗೋದು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ.

ವಿಶೇಷ ಶಿಕ್ಷಕಿ, ಧಾರವಾಡ

ಅ ಆ ಇ ಈ ತಿದ್ದಿಸೂದು ಈಗ ಬ್ಯಾಡ್ರಿ. ಓದು ಮಾತ್ರ ಈಗ ಶುರು ಮಾಡ್ರಿ, ಇಡೀ ಪದದಿಂದ. ಈ ಮಕ್ಕಳಿಗೆ ಕಿವಿಲೆ ಕೇಳಿದ್ದಕ್ಕಿಂತ ಕಣ್ಣಿಲೆ ನೋಡಿದ್ದು ಚಲೋ ನೆನಪಿರ್ತದ.

ದಪ್ಪ ರಟ್ಟಿನ ಮ್ಯಾಲೆ ಎರಡು ಫೋಟೋ ಅಂಟಸ್ರಿ, ಕೆಳಗ ಪದ ಬರೀರಿ. ಅದೇ ಪದದ ಬಿಡಿ ಚೀಟಿ ಬ್ಯಾರೆ ಮಾಡ್ರಿ, 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ದಪ್ಪ ಮಾರ್ಕರ್, ಹೂಬಳ್ಳಿ ಏನೂ ಬ್ಯಾಡ. ಮೊದಲು ಚೀಟಿನ ಅಂಥದೇ ಪದದ ಮ್ಯಾಲೆ ಇಡೂದು. ಅದು ಬಂದ ಮ್ಯಾಲೆ "ಹಾಲು ಎಲ್ಲದ, ಕೊಡು" ಅಂದಾಗ ಆರಿಸಿ ಕೊಡೂದು. ಓದಿ ಹೇಳೂದು ಕಟ್ಟಕಡೀಗೆ, ಅದೂ ಕೈಸನ್ನಿ ಮಾಡಿ ಹೇಳಿದ್ರೂ ನಡೀತದ. ಕೈ ತಪ್ಪು ಕಡೆ ಹೊಂಟ್ರ ಮುಟ್ಟೂಕಿಂತ ಮೊದಲ ಮೆಲ್ಲಕ ಸರಿ ಕಡೆ ತಿರಗಸ್ರಿ. ತಪ್ಪು ಮಾಡಿ ತಿದ್ದಿಸಿಕೊಂಡ್ರ ತಪ್ಪೇ ತಲ್ಯಾಗ ಕೂಡ್ತದ.

ಎಲ್ಲಾರೂ ಎಡವೂದು ಮೊದಲ ಎರಡು ಪದದಾಗ. "ಅಮ್ಮ", "ಅಪ್ಪ" ಜೋಡಿ ಇಡ್ತಾರ. ಆ ಎರಡೂ ಪದಾ ಬರ್ದು ಕಣ್ಣು ಸಣ್ಣ ಮಾಡಿ ನೋಡ್ರಿ, ಅವಳಿ ಇದ್ದಂಗ ಅವ! ಅಣ್ಣ, ಅಕ್ಕ, ಅಜ್ಜ ಎಲ್ಲಾ ಅದೇ ಬಳಗ. "ಅಮ್ಮ", "ನಾಯಿ" ಇಡ್ರಿ, ಆಮ್ಯಾಲೆ "ಹಾಲು". ಅಪ್ಪಗ ಸ್ವಲ್ಪ ತಡೀಲಿಕ್ಕೆ ಹೇಳ್ರಿ. ಸತತ ಮೂರು ದಿನ ಸರಿ ಬಂದ ಮ್ಯಾಲೆ ಹೊಸಾ ಪದ, ಒಂದು ಸಲಕ್ಕ ಒಂದು. ಹತ್ತು ಪದ ಆದಮ್ಯಾಲೆ "ಅಮ್ಮ ಬಾ", "ಹಾಲು ಕೊಡು" ಅಂತ ಜೋಡಸ್ರಿ. ಎರಡು ಪದದ ಮಾತು ಬಾಯಿಗೆ ಬರೂಕೂ ಈ ಓದು ನೆರವಾಗ್ತದ. ಬಿಡಿ ಅಕ್ಷರ ಅದೇ ಪದಗಳನ್ನ ಒಡದು ಕಲಿಸ್ರಿ.

ಸ್ಪೀಚ್ ಥೆರಪಿಸ್ಟ್, ಮಂಗಳೂರು

ಮೇಲಿನದಕ್ಕೆ ಒಂದು ಸೇರ್ಪಡೆ. ಕಿವಿ ಪರೀಕ್ಷೆ ಯಾವಾಗ ಆಗಿದ್ದು? ಹುಟ್ಟಿದಾಗ ಸರಿ ಇತ್ತು ಅಂದ್ರೆ ಸಾಲದು. ಕಿವಿಯ ಕೊಳವೆ ಸಣ್ಣ, ಶೀತ ಆದಾಗಲೆಲ್ಲ ಪರದೆಯ ಹಿಂದೆ ನೀರು ನಿಲ್ಲುತ್ತೆ, ಕೇಳೋದು ಒಂದು ವಾರ ಸರಿ, ಒಂದು ವಾರ ಮಂದ. "ಹಠ" ಅಂತ ಕಾಣೋದು ಎಷ್ಟೋ ಸಲ ಇದೇ. ವರ್ಷಕ್ಕೊಮ್ಮೆಯಾದರೂ ಕಿವಿ ಪರೀಕ್ಷೆಯನ್ನು ಟಿಂಪನೋಮೆಟ್ರಿ (ಪರದೆಯ ಹಿಂದೆ ನೀರು ನಿಂತಿದೆಯಾ ಅಂತ ನೋಡೋ ಪರೀಕ್ಷೆ) ಸಮೇತ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡ್ತಾರೆ. ಕಣ್ಣು, ಥೈರಾಯ್ಡ್ ಕೂಡ ವರ್ಷ ವರ್ಷ ನೋಡಿಸಿ.

ಆಡಿಸುವಾಗ "ಇದೇನು? ಇದೇನು?" ಅಂತ ಕೇಳಬೇಡಿ. ಅದು ಆಟವಲ್ಲ, ಪರೀಕ್ಷೆ. ನೀವೇ "ಚೆಂಡು" ಅನ್ನಿ, ಕೈಯಲ್ಲಿ ದುಂಡಗೆ ಸನ್ನೆ ಮಾಡಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಿರಿ. ಉತ್ತರ ಬರೋದು ಹೆಚ್ಚಾಗಿ ಏಳು ಎಂಟಕ್ಕೆ, ನಾವು ಮೂರಕ್ಕೇ ಬಾಯಿ ಹಾಕಿ ಕೆಡಿಸ್ತೇವೆ. ಸನ್ನೆ ಕಲಿಸಿದ್ರೆ ಮಾತು ನಿಲ್ಲುತ್ತೆ ಅನ್ನೋದು ಸುಳ್ಳು, ಮಾತು ಬಂದ ಹಾಗೆ ಸನ್ನೆ ತಾನೇ ಬಿಟ್ಟುಹೋಗುತ್ತೆ. ಮನೆಯಲ್ಲಿ ತುಳು, ಕನ್ನಡ ಎರಡೂ ಇದ್ದರೆ ಎರಡನ್ನೂ ಆಡಿ. ಇಂಗ್ಲಿಷ್ ಒಂದೇ ಇರಲಿ ಅಂತ ಮನೆಮಾತು ಬಿಡಬೇಕಾಗಿಲ್ಲ.

ಅಂಗನವಾಡಿ ಶಿಕ್ಷಕಿ, ಹಾಸನ

ಎಣಿಕೆಗೆ ನಾಲ್ಕು ಕುಳಿಯ ಇಡ್ಲಿ ತಟ್ಟೆ, ನಾಲ್ಕು ನಿಂಬೆಹಣ್ಣು. ಒಂದು ಕುಳಿಗೆ ಒಂದೇ ಹಣ್ಣು, ಇಡುವಾಗ ಒಂದೊಂದೇ ಎಣಿಕೆ. ಒಂದರಿಂದ ಇಪ್ಪತ್ತು ಬಾಯಿಪಾಠ ಒಪ್ಪಿಸೋ ಮಗು "ಎರಡು ಕೊಡು" ಅಂದ್ರೆ ಬುಟ್ಟಿಯನ್ನೇ ಕೊಡುತ್ತೆ, ಆದ್ದರಿಂದ ಬಾಯಿಪಾಠ ನೋಡಿ ಹಿಗ್ಗಬೇಡಿ. ಎರಡು ಗಟ್ಟಿಯಾಗೋವರೆಗೆ ಮೂರು ಬೇಡ. ನಾಲ್ಕು ದಾಟಿದ ಮೇಲೆ ರಟ್ಟಿನಲ್ಲಿ ಐದೈದರ ಎರಡು ಸಾಲು ಮನೆ ಬರೆದು ಅದರಲ್ಲಿ ಇಡಿಸಿ. ಏಳರ ಹತ್ತಿರ ಹುಷಾರು. "ಏಳು" ಅಂದ್ರೆ ಮಗು ಎದ್ದು ನಿಲ್ಲುತ್ತೆ, ಅದರ ತಪ್ಪಲ್ಲ!

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೊಂದು ವಿಷಯ. ಆಟದ ಮಧ್ಯೆ ನಗ್ತಾ ಮುತ್ತು ಕೊಡೋಕೆ ಬರ್ತಾಳೆ, ಇಲ್ಲಾಂದ್ರೆ ಕುಣೀತಾಳೆ. ಎಲ್ಲರೂ ನಗ್ತೀವಿ, ಆಟ ಅಲ್ಲಿಗೇ ಮುಗಿಯುತ್ತೆ.

ವಿಶೇಷ ಶಿಕ್ಷಕಿ, ಧಾರವಾಡ

ಶಾಣ್ಯಾ ಹುಡುಗಿ! ಕಷ್ಟ ಆದಾಗ ಜಾರಿಕೊಳ್ಳೂ ದಾರಿ ಅದು, ನೀವು ನಕ್ರ ನಾಳೆ ಎರಡು ಮುತ್ತು ಕೊಡ್ತಾಳ. ಬೈಬ್ಯಾಡ್ರಿ, ನಗಬ್ಯಾಡ್ರಿ, ಒಂದು ಮೆಟ್ಟಲು ಕೆಳಗ ಇಳೀರಿ. ನಾಕು ತುಂಡಿನ ಚಿತ್ರ ಜೋಡಸೂದಿದ್ರ ಮೂರು ನೀವೇ ಜೋಡಿಸಿಟ್ಟು ಕಡೀ ತುಂಡು ಒಂದೇ ಅಕಿ ಕೈಯಾಗ ಕೊಡ್ರಿ. ಅದು ಬಂದ ಮ್ಯಾಲೆ ಕಡೀ ಎರಡು, ಆಮ್ಯಾಲೆ ಮೂರು. ಆಟ ಮುಗಿದ ಕೂಡ್ಲೆ ಸಾಮಾನು ಅಕಿನೇ ಡಬ್ಬಿಗೆ ಹಾಕಿ ಮುಚ್ಚಳಾ ಮುಚ್ಚಲಿ. ಮುತ್ತು ಆವಾಗ ತೊಗೋರಿ.