ಸಹಾಯ ಬೇಕು: ಇಂಡಸ್ ಆಪ್‌ಸ್ಟೋರ್‌ಗೂ ಆಪ್ ಹಾಕಬಹುದಾ?

ನಮಸ್ಕಾರ. ನಾನು ಮಡಿಕೇರಿಯವನು, ಒಬ್ಬನೇ ಆಪ್ ಮಾಡುತ್ತೇನೆ. ಕಾಫಿ ತೋಟದವರು ದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಭಾಗ) ಬರೆದಿಡಲು, ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅಂತ ಲೆಕ್ಕ ಇಡಲು ಒಂದು ಕನ್ನಡ ಆಪ್.

ಈಗ ಗೂಗಲ್ ಪ್ಲೇನಲ್ಲಿ ಮಾತ್ರ ಇದೆ. ಫೋನ್‌ಪೇ 2024ರಲ್ಲಿ ಶುರು ಮಾಡಿದ ಇಂಡಸ್ ಆಪ್‌ಸ್ಟೋರ್‌ಗೂ ಹಾಕೋಣ ಅಂತಿದ್ದೇನೆ. ಅಲ್ಲಿ ಕನ್ನಡವೂ ಇದೆ, ನಮಗೆ ಬೇಕಾದ ಪೇಮೆಂಟ್ ಗೇಟ್‌ವೇ (ಆಪ್‌ನಲ್ಲಿ ಹಣ ಪಡೆಯುವ ವ್ಯವಸ್ಥೆ) ಇಟ್ಟುಕೊಳ್ಳಬಹುದು, ಸಣ್ಣವರಿಗೆ ಅದೇ ದೊಡ್ಡದು ಅಲ್ವಾ?

ಚಿಂತೆ ಇರುವುದು ಸೈನಿಂಗ್ ಕೀ ಬಗ್ಗೆ, ಅಂದರೆ ಆಪ್ ನಮ್ಮದೇ ಅಂತ ಫೋನ್ ಗುರುತಿಸುವ ಡಿಜಿಟಲ್ ಸಹಿಯ ಕೀ. ನನ್ನ ಪ್ಲೇ ಆಪ್‌ನ ಕೀ ಗೂಗಲ್ ಹತ್ತಿರ ಇದೆ, ಇಂಡಸ್‌ನಲ್ಲಿ ಬೇರೆ ಕೀ ಹಾಕಿದರೆ ಒಂದರ ಮೇಲೆ ಇನ್ನೊಂದು ಅಪ್‌ಡೇಟ್ ಆಗುವುದಿಲ್ಲ, ಹಳೆಯದನ್ನು ತೆಗೆದರೆ ಫೋನಿನಲ್ಲಿರುವ ಮಳೆ ಲೆಕ್ಕವೆಲ್ಲ ಹೋಗುತ್ತದೆ.

ಎರಡೂ ಕಡೆ ಆಪ್ ಇಟ್ಟವರು ಯಾರಾದರೂ ಇದ್ದೀರಾ? ಕೀ ಹೇಗೆ ನಿಭಾಯಿಸಿದಿರಿ, ಡೌನ್‌ಲೋಡ್ ನಿಜವಾಗಿ ಬರುತ್ತಾ, ದಯವಿಟ್ಟು ಹೇಳಿ.